ವ್ಯಾನಿನ ಕಂಪ್ಯೂಟರ್ ಹೆಸರಿಸಿದ ಪಾರ್ಟನ್ನೇ ಬದಲಾಯಿಸಬೇಕೇ?

"ಸ್ಕ್ಯಾನರ್ ಹಾಕಿ ನೋಡಿದೆವು, ಟರ್ಬೊ ತೋರಿಸುತ್ತಿದೆ. ಬದಲಾಯಿಸಬೇಕಾಗುತ್ತದೆ."

ತಲಪಾಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಈಗ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಟರ್ಬೊ ಇದ್ದ ಜಾಗದಲ್ಲಿ ಒಮ್ಮೆ ಇಂಜೆಕ್ಟರ್ ಇರುತ್ತದೆ, ಒಮ್ಮೆ ಪಂಪು, ಒಮ್ಮೆ ಸೈಲೆನ್ಸರಿನೊಳಗಿನ ಫಿಲ್ಟರ್. ಮೆಕ್ಯಾನಿಕ್‌ನ ಮಾತು ಮುಗಿಯುವ ಮೊದಲೇ ವ್ಯಾನಿನ ಮಾಲಕ ಮನಸ್ಸಿನಲ್ಲಿ ಲೆಕ್ಕ ಹಾಕಲು ಶುರುಮಾಡಿರುತ್ತಾನೆ. ಈ ತಿಂಗಳ ಕಂತು ಕಟ್ಟಿಲ್ಲ, ಮಗಳ ಫೀಸು ಬಾಕಿ, ಗಾಡಿ ನಿಂತರೆ ಬಾಡಿಗೆ ಬೇರೆಯವನ ಪಾಲು. ಸಂಜೆ ಮನೆಯಲ್ಲಿ ಉಮ್ಮನೋ ಹೆಂಡತಿಯೋ ಮಾತಾಡದೆ ಬಳೆ ತೆಗೆದುಕೊಡುತ್ತಾರೆ. ಬಳೆ ಬ್ಯಾಂಕಿಗೆ ಹೋಗುತ್ತದೆ, ಹೊಸ ಟರ್ಬೊ ವ್ಯಾನಿಗೆ ಬರುತ್ತದೆ. ಒಂದು ವಾರ ಕಳೆದ ಮೇಲೆ ಅದೇ ಹಳದಿ ಲೈಟ್ ಮತ್ತೆ ಉರಿಯುತ್ತದೆ.

ಆ ಹಳದಿ ಲೈಟಿನ ಬಗ್ಗೆ ನಮ್ಮ ಮನೆಗಳಲ್ಲಿ ಮಾತಾಡಬೇಕಾದ ಹೊತ್ತು ಬಂದಿದೆ ಎಂಬುದು ನನ್ನ ಅಭಿಪ್ರಾಯ. ಇದು ಬರೀ ಗ್ಯಾರೇಜಿನ ವಿಷಯ ಎಂದು ಬಿಟ್ಟುಬಿಡುವಂತಿಲ್ಲ. ಮಂಜೇಶ್ವರದ ಬಂದರಿನಿಂದ ಬೆಳಿಗ್ಗೆ ಮೀನು ಹೊರುವ ವ್ಯಾನು, ಮಕ್ಕಳನ್ನು ಮದ್ರಸಕ್ಕೂ ಶಾಲೆಗೂ ಬಿಡುವ ವ್ಯಾನು, ಮದುವೆ ಮನೆಗೆ ಜನ ಸಾಗಿಸುವ ಟ್ರಾವೆಲರ್, ಗಲ್ಫಿನಿಂದ ಬರುವವರನ್ನು ಬಜ್ಪೆ ವಿಮಾನ ನಿಲ್ದಾಣದಿಂದ ಕರೆತರುವ ಗಾಡಿ, ಇವುಗಳನ್ನೇ ನಂಬಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಹಲವರಿಗೆ ವ್ಯಾನೇ ಅಂಗಡಿ, ವ್ಯಾನೇ ತೋಟ. ಅದರ ರಿಪೇರಿಯಲ್ಲಿ ಹಣ ವ್ಯರ್ಥವಾದರೆ ಅದು ಮನೆಯೊಳಗಿನ ನಷ್ಟ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಾನು ಸ್ಕ್ಯಾನರಿನ ವಿರೋಧಿಯಲ್ಲ. ಇಂದಿನ ಎಂಜಿನನ್ನು ಸ್ಕ್ಯಾನರ್ ಇಲ್ಲದೆ ನೋಡುವುದು ಕಣ್ಣು ಕಟ್ಟಿಕೊಂಡು ಮೀನು ಆರಿಸಿದಂತೆ. ಆದರೆ ಸ್ಕ್ಯಾನರ್ ತೋರಿಸಿದ ಕೋಡ್ ಒಂದು ದೂರು ಮಾತ್ರ. ದೂರಿನಲ್ಲಿ ಹೆಸರಿದ್ದವರೆಲ್ಲ ಅಪರಾಧಿಗಳಾಗುವುದಿಲ್ಲ. ವಿಚಾರಣೆ ನಡೆಯಬೇಕು, ಸಾಕ್ಷಿ ಬೇಕು, ಆಮೇಲೆ ಶಿಕ್ಷೆ. ನಮ್ಮಲ್ಲಿ ಈಗ ದೂರು ಬಂದ ದಿನವೇ ಶಿಕ್ಷೆ ಆಗುತ್ತಿದೆ.

ಓಮ್ನಿ ಕಾಲದಿಂದ ಬಿಎಸ್-6ರವರೆಗೆ

ಹಿಂದಿನ ಓಮ್ನಿ ನೆನಪಿದೆಯಲ್ಲ? ಕಾರ್ಬೊರೇಟರ್ ಇದ್ದ ಕಾಲದಲ್ಲಿ ಗಾಡಿ ಜರ್ಕ್ ಹೊಡೆದರೆ ಜೆಟ್ ಬಿಚ್ಚಿ ಊದುತ್ತಿದ್ದರು, ಪಾಯಿಂಟ್ ಉಜ್ಜುತ್ತಿದ್ದರು, ಪ್ಲಗ್ ನೋಡುತ್ತಿದ್ದರು. ಕಿವಿ, ಮೂಗು, ಬೆರಳು ಸಾಕಿತ್ತು. 2010ರ ನಂತರ ನಮ್ಮ ದೇಶದ ಗಾಡಿಗಳಲ್ಲಿ ಎಂಜಿನ್ ತನ್ನನ್ನು ತಾನೇ ಗಮನಿಸಿಕೊಂಡು ದೋಷವನ್ನು ದಾಖಲಿಸುವ ಒಬಿಡಿ ವ್ಯವಸ್ಥೆ ಹಂತಹಂತವಾಗಿ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ ಇನ್ನಷ್ಟು ಬಿಗಿಯಾಯಿತು. ಓಮ್ನಿ 2019ರಲ್ಲೇ ನಿಂತುಹೋಗಿತ್ತು. ಈಗ ಡೀಸೆಲ್ ವ್ಯಾನ್ ಅಂದರೆ ಹೆಚ್ಚಿನವುಗಳಲ್ಲಿ ಕಾಮನ್ ರೈಲ್, ಟರ್ಬೊ, ಇಜಿಆರ್ ವಾಲ್ವ್, ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್, ಕೆಲವುಗಳಲ್ಲಿ ಯೂರಿಯಾ ದ್ರಾವಣದ ಟ್ಯಾಂಕ್, ಇವೆಲ್ಲ ಇರುತ್ತವೆ. ಇವುಗಳ ಮೇಲೆ ಕಣ್ಣಿಡಲು ಹತ್ತಾರು ಸೆನ್ಸರ್‌ಗಳು, ಅವೆಲ್ಲ ಹೇಳುವುದನ್ನು ಕೇಳಲು ಒಂದು ಕಂಪ್ಯೂಟರ್.

ಈ ಕಂಪ್ಯೂಟರಿಗೆ ಕಣ್ಣಿಲ್ಲ, ಮೂಗಿಲ್ಲ. ಅದಕ್ಕೆ ಗೊತ್ತಾಗುವುದು ತಂತಿಯಲ್ಲಿ ಬರುವ ವೋಲ್ಟೇಜ್ ಮತ್ತು ಅದರ ಏರಿಳಿತ. "ಇಷ್ಟು ಗಾಳಿಯ ಒತ್ತಡ ಬರಬೇಕಿತ್ತು, ಅಷ್ಟು ಬರಲಿಲ್ಲ" ಎಂದು ಅದು ಬರೆದಿಡಬಲ್ಲದು. ಏಕೆ ಬರಲಿಲ್ಲ ಎಂದು ಅದಕ್ಕೆ ತಿಳಿಯದು. ಪೈಪ್ ಹರಿದಿದೆಯೋ, ಕ್ಲ್ಯಾಂಪ್ ಸಡಿಲವಾಗಿದೆಯೋ, ಸೆನ್ಸರ್ ಸುಳ್ಳು ಹೇಳುತ್ತಿದೆಯೋ, ನಿಜವಾಗಿ ಟರ್ಬೊ ಸತ್ತಿದೆಯೋ, ಇದನ್ನು ಬೋನೆಟ್ ಎತ್ತಿ ಕೈಹಾಕಿ ನೋಡುವ ಮನುಷ್ಯನೇ ಕಂಡುಹಿಡಿಯಬೇಕು.

ದಾರಿ ತಪ್ಪಿಸುವ ದೂರುಗಳು

ಕೆಲವು ಉದಾಹರಣೆ ಕೊಡುತ್ತೇನೆ. ವ್ಯಾನ್ ಇರುವವರು ಇವನ್ನು ಗಮನವಿಟ್ಟು ಓದಿ, ಚಾಲಕರಿಗೂ ಓದಿ ಹೇಳಿ.

ಮೊದಲನೆಯದು ಪಿ0299. ಟರ್ಬೊದಿಂದ ಬರಬೇಕಾದ ಒತ್ತಡ ಕಡಿಮೆ ಎಂದು ಇದರ ಅರ್ಥ. ಗಾಡಿ ಎಳೆಯುವುದಿಲ್ಲ, ಏರು ಬಂದರೆ ಮೂರನೇ ಗೇರು, ಹಿಂದೆ ಕಪ್ಪು ಹೊಗೆ. "ಟರ್ಬೊ" ಎಂಬ ಶಬ್ದ ಪರದೆಯ ಮೇಲೆ ಕಂಡ ಕೂಡಲೇ ಟರ್ಬೊ ಬಿಚ್ಚುವುದು ನಡೆದುಬಂದ ಅಭ್ಯಾಸ. ಆದರೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನಿಗೆ ಹೋಗುವ ರಬ್ಬರ್ ಹೋಸ್‌ನಲ್ಲಿ ಒಂದು ಸೀಳು ಬಿದ್ದರೂ ಇದೇ ಕೋಡ್ ಬರುತ್ತದೆ. ಗಾಡಿ ನಿಂತಿರುವಾಗ ಸೀಳು ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗ ಬಾಯಿ ತೆರೆಯುತ್ತದೆ. ಕಣ್ಣಿಗೆ ಕಾಣುವುದು ಜಾಯಿಂಟಿನ ಹತ್ತಿರ ಎಣ್ಣೆಯ ಪಸೆ, ಕಿವಿಗೆ ಕೇಳುವುದು ಆಕ್ಸಿಲರೇಟರ್ ಒತ್ತಿದಾಗ ಬರುವ "ಸ್ಸ್" ಶಬ್ದ. ಪೈಪಿಗೆ ಕಡಿಮೆ ಒತ್ತಡದಲ್ಲಿ ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ. ಟಯರ್ ಪಂಕ್ಚರ್ ನೋಡುವವನ ಬುದ್ಧಿಯೇ ಇಲ್ಲಿಯೂ ಸಾಕು. ಹೋಸ್‌ನ ಬೆಲೆ ಎಲ್ಲಿ, ಟರ್ಬೊದ ಬೆಲೆ ಎಲ್ಲಿ?

ಎರಡನೆಯದು ಮೀಟರ್ ಬೋರ್ಡಿನಲ್ಲಿ ಲೈಟುಗಳ ತೋರಣ. ಒಂದೇ ಸಲಕ್ಕೆ ನಾಲ್ಕೈದು ಕೋಡ್: ರೈಲ್ ಪ್ರೆಶರ್ ಸೆನ್ಸರ್, ಬೂಸ್ಟ್ ಸೆನ್ಸರ್, ಇಜಿಆರ್, ಆಕ್ಸಿಲರೇಟರ್ ಪೆಡಲ್. ಇಷ್ಟೂ ಒಂದೇ ದಿನ ಕೆಟ್ಟವು ಎಂದು ನಂಬುವುದು ಹೇಗೆ? ಹಾಗಾದಾಗ "ಕಂಪ್ಯೂಟರೇ ಹೋಗಿದೆ" ಎಂಬ ತೀರ್ಮಾನ ಬರುತ್ತದೆ, ಅದು ಎಲ್ಲಕ್ಕಿಂತ ದುಬಾರಿ. ನಿಜಸಂಗತಿ ಏನೆಂದರೆ ಹಲವು ಸೆನ್ಸರ್‌ಗಳಿಗೆ ಕಂಪ್ಯೂಟರಿನಿಂದ ಹೋಗುವ 5 ವೋಲ್ಟಿನ ಸಪ್ಲೈ ಒಂದೇ ಆಗಿರುತ್ತದೆ. ಒಂದೇ ಪೈಪಿನಿಂದ ನಾಲ್ಕು ಮನೆಗೆ ನೀರು ಹೋದಂತೆ. ಒಂದು ಮನೆಯಲ್ಲಿ ಪೈಪ್ ಒಡೆದರೆ ನಾಲ್ಕೂ ಮನೆಯ ನಲ್ಲಿ ಒಣಗುತ್ತದೆ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಉಳಿದ ಸೆನ್ಸರ್‌ಗಳ ಮೇಲೂ ದೂರು ದಾಖಲಾಗುತ್ತದೆ. ಮೀಟರ್ ಹಿಡಿದು 5 ವೋಲ್ಟ್ ಇದೆಯೇ ನೋಡಿ, ಇಲ್ಲದಿದ್ದರೆ ಸೆನ್ಸರ್‌ಗಳ ಪ್ಲಗ್ಗನ್ನು ಒಂದೊಂದಾಗಿ ಕಳಚುತ್ತ ಹೋಗಬೇಕು. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬರುತ್ತದೋ ಕಳ್ಳ ಅಲ್ಲಿದ್ದಾನೆ. ಯಾವುದನ್ನು ಕಳಚಿದರೂ ಬರದಿದ್ದರೆ ವಯರಿಂಗ್ ನೋಡಬೇಕು. ಕಂಪ್ಯೂಟರಿನ ಸರದಿ ಕೊನೆಯದು.

ಮೂರನೆಯದು ಬ್ಯಾಟರಿ ಮತ್ತು ಅರ್ತ್. ಗಾಡಿ ಸ್ಟಾರ್ಟ್ ಆಗುತ್ತದೆ, ಆದ್ದರಿಂದ ಬ್ಯಾಟರಿ ಸರಿಯಿದೆ ಎಂದು ನಾವು ತಿಳಿಯುತ್ತೇವೆ. ಸರಿಯಿರುವ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10 ವೋಲ್ಟಿಗಿಂತ ತೀರಾ ಕೆಳಗೆ ಇಳಿಯಬಾರದು. ಅದು ಇಳಿದರೆ, ಇಲ್ಲವೇ ಎಂಜಿನಿನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೆ, ಕಂಪ್ಯೂಟರ್ ಎಲ್ಲೆಲ್ಲಿಯದೋ ಕೋಡ್ ಬರೆಯುತ್ತದೆ. ಎಬಿಎಸ್ ಲೈಟ್ ಬರುತ್ತದೆ, ಗೇರಿನ ಲೈಟ್ ಬರುತ್ತದೆ, ಒಂದು ಮಾಡ್ಯೂಲ್ ಇನ್ನೊಂದರೊಡನೆ ಮಾತಾಡುತ್ತಿಲ್ಲ ಎಂಬ ದೂರೂ ಬರುತ್ತದೆ. ಬ್ಯಾಟರಿ ಟರ್ಮಿನಲ್ ಉಜ್ಜಿ ಬಿಗಿ ಮಾಡಿದ ಮೇಲೆ ಮಾಯವಾಗುವ ರೋಗಗಳು ಎಷ್ಟೋ ಇವೆ.

ನಾಲ್ಕನೆಯದು ಡೀಸೆಲ್ ಒತ್ತಡ. ಪಿ0087 ಅಂದರೆ ರೈಲಿನಲ್ಲಿ ಒತ್ತಡ ಸಾಲದು. ಹೈ ಪ್ರೆಶರ್ ಪಂಪಿನ ಮೇಲೆ ಕಣ್ಣು ಹೋಗುತ್ತದೆ. ಆದರೆ ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಗಾಳಿ ಎಳೆಯುವುದು, ಡೀಸೆಲ್‌ನಲ್ಲಿ ನೀರು, ಅಥವಾ ಒಂದು ಇಂಜೆಕ್ಟರ್ ತನ್ನ ರಿಟರ್ನ್ ಪೈಪಿನಲ್ಲಿ ಅತಿಯಾಗಿ ವಾಪಸ್ ಬಿಡುವುದು, ಇವೆಲ್ಲವೂ ಇದೇ ಕೋಡ್ ತರುತ್ತವೆ. ನಾಲ್ಕು ಇಂಜೆಕ್ಟರ್‌ಗಳ ರಿಟರ್ನಿಗೆ ನಾಲ್ಕು ಬಾಟಲಿ ಕಟ್ಟಿ ಎಂಜಿನ್ ಓಡಿಸಿದರೆ ಯಾವ ಬಾಟಲಿ ಬೇಗ ತುಂಬುತ್ತದೆ ಎಂಬುದು ಮಾಲಕನಿಗೂ ಕಾಣಿಸುತ್ತದೆ. ಹತ್ತು ನಿಮಿಷದ ಕೆಲಸ.

ಐದನೆಯದು ಪೆಟ್ರೋಲ್ ಮತ್ತು ಸಿಎನ್‌ಜಿ ವ್ಯಾನ್‌ಗಳದ್ದು. ಪಿ0420 ಬಂದರೆ ಕೆಟಲಿಟಿಕ್ ಕನ್ವರ್ಟರ್ ಹೋಯಿತು ಎನ್ನುತ್ತಾರೆ. ಹಿಂದಿನ ಆಕ್ಸಿಜನ್ ಸೆನ್ಸರಿನ ಮುಂಚೆ ಎಕ್ಸಾಸ್ಟ್ ಪೈಪಿನಲ್ಲಿ ಸಣ್ಣ ತೂತಿದ್ದರೆ ಅಲ್ಲಿಂದ ಹೊರಗಾಳಿ ಒಳಹೋಗಿ ಸೆನ್ಸರಿಗೆ ತಪ್ಪು ಲೆಕ್ಕ ಕೊಡಬಹುದು. ಇನ್ನು ಕನ್ವರ್ಟರ್ ನಿಜವಾಗಿ ಹಾಳಾಗಿದ್ದರೂ ಅದನ್ನು ಹಾಳುಮಾಡಿದ್ದು ಯಾರು? ಪ್ಲಗ್ಗೋ ಕಾಯಿಲೋ ಸರಿಯಿಲ್ಲದೆ ಸುಡದ ಪೆಟ್ರೋಲ್ ಅದರೊಳಗೆ ಹೋಗಿ ಉರಿದಿದ್ದರೆ, ಹೊಸದು ಹಾಕಿದರೂ ಅದೇ ಗತಿ. ಮಿಸ್‌ಫೈರ್ ಕೋಡ್ ಬಂದಾಗ ಕಾಯಿಲನ್ನು ಒಂದನೇ ಸಿಲಿಂಡರಿನಿಂದ ಮೂರನೆಯದಕ್ಕೆ ಬದಲಿಸಿ ನೋಡಿ. ದೂರು ಪಿ0301ರಿಂದ ಪಿ0303ಕ್ಕೆ ಹೋದರೆ ಕಾಯಿಲೇ ಕಾರಣ. ಹೋಗದಿದ್ದರೆ ಕಾಯಿಲ್ ನಿರಪರಾಧಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸಿಎನ್‌ಜಿ ಗಾಡಿಯಾದರೆ ಪೆಟ್ರೋಲ್‌ಗೆ ಹಾಕಿ ಓಡಿಸಿದಾಗಲೂ ತೊಂದರೆ ಇದೆಯೇ ಎಂಬ ಪ್ರಶ್ನೆಯೊಂದೇ ಅರ್ಧ ಎಂಜಿನನ್ನು ವಿಚಾರಣೆಯಿಂದ ಹೊರಗಿಡುತ್ತದೆ.

ಡಿಪಿಎಫ್ ಎಂಬ ದೊಡ್ಡ ತಲೆನೋವು

ನಮ್ಮ ವ್ಯಾನಿನವರು ಹೆಚ್ಚು ಬೈಯುವುದು ಇದನ್ನು. ಡೀಸೆಲ್ ಉರಿದಾಗ ಬರುವ ಮಸಿಯನ್ನು ಈ ಫಿಲ್ಟರ್ ಹಿಡಿದಿಡುತ್ತದೆ. ತುಂಬಿದ ಮೇಲೆ ಎಂಜಿನ್ ಹೆಚ್ಚುವರಿ ಡೀಸೆಲ್ ಕೊಟ್ಟು ಒಳಗಿನ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಟ್ಟುಬಿಡಬೇಕು. ಅದಕ್ಕೆ ಹೆದ್ದಾರಿಯಲ್ಲಿ ನಿಲ್ಲದೆ ಒಂದಷ್ಟು ಹೊತ್ತು ಓಡುವ ಗಾಡಿ ಬೇಕು. ನಮ್ಮ ವ್ಯಾನ್‌ಗಳು ಓಡುವುದು ಹೇಗೆ? ಮೀನಿನ ವ್ಯಾನ್ ಮನೆಮನೆಯ ಗೇಟಿನಲ್ಲಿ ಹಾರ್ನ್ ಹೊಡೆದು ನಿಲ್ಲುತ್ತದೆ. ಮದ್ರಸದ ವ್ಯಾನ್ ಮೂರು ಕಿಲೋಮೀಟರಿನಲ್ಲಿ ಹತ್ತು ಕಡೆ ನಿಲ್ಲುತ್ತದೆ. ಸುಡುವ ಕೆಲಸ ಶುರುವಾಗುತ್ತದೆ, ಅರ್ಧದಲ್ಲಿ ಚಾಲಕ ಕೀ ತಿರುಗಿಸಿ ಇಳಿದುಬಿಡುತ್ತಾನೆ. ಹೀಗೆ ಪದೇಪದೇ ಆದರೆ ಸುಡದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಸಂತೋಷಪಡಬೇಡಿ, ಅದು ಎಂಜಿನಿಗೆ ಅಪಾಯ.

ಫಿಲ್ಟರ್ ತುಂಬಿತು ಎಂಬ ಕೋಡ್ ಬಂದಾಗಲೂ ಅಪರಾಧಿ ಬಹಳ ಸಲ ಬೇರೆಡೆ ಇರುತ್ತಾನೆ. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡರೆ ಎಂಜಿನ್ ಬಿಸಿಯೇರುವುದಿಲ್ಲ, ಬಿಸಿಯೇರದಿದ್ದರೆ ಹಲವು ಗಾಡಿಗಳಲ್ಲಿ ಸುಡುವ ಕೆಲಸ ಶುರುವೇ ಆಗುವುದಿಲ್ಲ. ಸೋರುವ ಇಂಜೆಕ್ಟರ್, ಹರಿದ ಹೋಸ್, ಸಿಕ್ಕಿಕೊಂಡ ಇಜಿಆರ್, ಇವು ಮಸಿಯನ್ನು ದುಪ್ಪಟ್ಟು ಮಾಡುತ್ತವೆ. ಫಿಲ್ಟರಿನ ಹಿಂದು ಮುಂದಿನ ಒತ್ತಡ ಅಳೆಯುವ ಸೆನ್ಸರಿನ ಸಣ್ಣ ರಬ್ಬರ್ ಪೈಪ್ ಬಿರುಕುಬಿಟ್ಟಿದ್ದರೆ ಫಿಲ್ಟರಿನ ಬಗ್ಗೆ ಕಂಪ್ಯೂಟರಿಗೆ ಸುಳ್ಳೇ ವರದಿ. ಇದ್ಯಾವುದನ್ನೂ ನೋಡದೆ ಹೊಸ ಡಿಪಿಎಫ್ ಹಾಕುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇನ್ನೊಂದು "ಪರಿಹಾರ" ಗುಟ್ಟಾಗಿ ನಡೆಯುತ್ತದೆ. ಫಿಲ್ಟರಿನ ಒಳಭಾಗ ಒಡೆದು ತೆಗೆದು, ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ, ಲೈಟ್ ಬಾರದಂತೆ ಮಾಡುವುದು. ಇದು ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಬಿಟ್ಟರೂ, ಆ ವ್ಯಾನಿನ ಹಿಂದೆ ಹೊಗೆಯಲ್ಲಿ ನಿಲ್ಲುವವರು ಯಾರು? ನಮ್ಮದೇ ಮಕ್ಕಳು, ಪುಸ್ತಕದ ಚೀಲ ಹೊತ್ತುಕೊಂಡು. ಎಂಜಿನಿನಲ್ಲಿ ಮಸಿ ಹೆಚ್ಚಿಸುತ್ತಿದ್ದ ಮೂಲ ದೋಷವೂ ಹಾಗೆಯೇ ಉಳಿದುಬಿಡುತ್ತದೆ, ಅದನ್ನು ಹೇಳುವ ಬಾಯಿ ಮಾತ್ರ ಮುಚ್ಚಿರುತ್ತದೆ.

ಕರಾವಳಿಯ ಸ್ವಂತ ಕಾರಣಗಳು

ಪುಸ್ತಕದಲ್ಲಿ ಬರೆಯದ ಕೆಲವು ಸಂಗತಿ ನಮ್ಮ ಊರಿಗೆ ಸೇರಿದವು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಗಾಳಿಯಲ್ಲಿ ಉಪ್ಪು. ಮೀನಿನ ವ್ಯಾನಿನಲ್ಲಂತೂ ಐಸ್ ಕರಗಿದ ಉಪ್ಪುನೀರು ಹಲಗೆಯ ಸಂದಿಯಿಂದ ಕೆಳಗಿಳಿದು ವಯರಿಂಗಿನ ಮೇಲೆಯೇ ತೊಟ್ಟಿಕ್ಕುತ್ತದೆ. ಪ್ಲಗ್ ಕಳಚಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಪಾಚಿಯಂತೆ ತುಕ್ಕು. ಸೆನ್ಸರ್ ಸತ್ಯವನ್ನೇ ಹೇಳುತ್ತಿರುತ್ತದೆ, ದಾರಿಯಲ್ಲಿ ಮಾತು ಕೆಡುತ್ತದೆ. ಹೊಸ ಸೆನ್ಸರ್ ಹಾಕುವಾಗ ಪ್ಲಗ್ ಕಳಚಿ ಮತ್ತೆ ಚುಚ್ಚುವುದರಿಂದ ಪಿನ್ ಸ್ವಲ್ಪ ಉಜ್ಜಿಹೋಗಿ ಗಾಡಿ ಹತ್ತು ದಿನ ಸರಿಯಾಗಿ ಓಡುತ್ತದೆ. ಎಲ್ಲರೂ ಸೆನ್ಸರೇ ಹೋಗಿತ್ತು ಎಂದು ತಿಳಿಯುತ್ತಾರೆ. ಹನ್ನೊಂದನೇ ದಿನ ಮತ್ತೆ ಲೈಟ್.

ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಇಲಿಗಳು ಎಂಜಿನಿನ ಹತ್ತಿರ ಬರುತ್ತವೆ, ವಯರ್ ಕಚ್ಚುತ್ತವೆ. ವಯರ್ ಪೂರ್ತಿ ತುಂಡಾದರೆ ಒಳ್ಳೆಯದು, ಕೂಡಲೇ ಸಿಗುತ್ತದೆ. ಅರ್ಧ ಕಚ್ಚಿಬಿಟ್ಟರೆ ಗುಂಡಿಯಲ್ಲಿ ಗಾಡಿ ಕುಲುಕಿದಾಗ ಮಾತ್ರ ಕೋಡ್ ಬರುತ್ತದೆ, ಗ್ಯಾರೇಜಿಗೆ ಬಂದು ನಿಂತಾಗ ಎಲ್ಲ ಸರಿ. ಇಂತಹ ಕಡೆ ವಯರನ್ನು ಕೈಯಲ್ಲಿ ಅಲುಗಾಡಿಸುತ್ತ ಮೀಟರಿನ ಮುಳ್ಳು ನೋಡುವ ತಾಳ್ಮೆಯೊಂದೇ ಮದ್ದು.

ತಪ್ಪು ಯಾರದು?

ಇಷ್ಟು ಓದಿದ ಮೇಲೆ ಮೆಕ್ಯಾನಿಕ್‌ಗಳನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅವರಲ್ಲಿ ಬಹಳ ಮಂದಿ ನಮ್ಮ ಮನೆಯ ಹುಡುಗರೇ. ಹತ್ತನೇ ಕ್ಲಾಸ್ ಮುಗಿಸಿ ಸ್ಪ್ಯಾನರ್ ಹಿಡಿದವರು, ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲೋ ರಿಯಾದಿನ ಸನಾಯಿಯದಲ್ಲೋ ಬೆವರು ಸುರಿಸಿ ಕೆಲಸ ಕಲಿತು ಬಂದವರು. ಅವರ ಕೈ ಚೆನ್ನಾಗಿದೆ. ಅವರನ್ನು ತಪ್ಪು ದಾರಿಗೆ ತಳ್ಳುವುದರಲ್ಲಿ ಗಿರಾಕಿಗಳಾದ ನಮ್ಮ ಪಾಲು ದೊಡ್ಡದಿದೆ.

ಹೇಗೆಂದರೆ, ನಾವು ಪಾರ್ಟಿಗೆ ದುಡ್ಡು ಕೊಡುತ್ತೇವೆ, ಪರೀಕ್ಷೆಗೆ ಕೊಡುವುದಿಲ್ಲ. ಒಬ್ಬ ಮೆಕ್ಯಾನಿಕ್ ಮೂರು ಗಂಟೆ ಕುಳಿತು ವಯರಿಂಗ್ ಹುಡುಕಿ ತುಕ್ಕು ಹಿಡಿದ ಒಂದು ಪಿನ್ ಸರಿಮಾಡಿ ಸಾವಿರ ರೂಪಾಯಿ ಕೇಳಿದ ಎಂದುಕೊಳ್ಳಿ. "ಒಂದು ಪಿನ್ನಿಗೆ ಸಾವಿರವಾ ಮಾರಾಯಾ?" ಎಂದು ಜಗಳ ತೆಗೆಯುತ್ತೇವೆ. ಅದೇ ಮೆಕ್ಯಾನಿಕ್ ಏನನ್ನೂ ಪರೀಕ್ಷಿಸದೆ ದೊಡ್ಡ ಪಾರ್ಟೊಂದನ್ನು ಬದಲಿಸಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ಕೈಯಲ್ಲಿಟ್ಟರೆ ಮಾತಿಲ್ಲದೆ ಬಿಲ್ಲು ಕೊಡುತ್ತೇವೆ. ಕೈಯಲ್ಲಿ ಹಿಡಿಯುವ ವಸ್ತು ಸಿಕ್ಕಿತಲ್ಲ! ಬುದ್ಧಿಗೆ ಬೆಲೆ ಕೊಡದ ಕಡೆ ಬುದ್ಧಿ ಉಪಯೋಗಿಸುವವರು ಯಾರು? ಡಾಕ್ಟರಿಗೆ ಬರೀ ನೋಡಿದ್ದಕ್ಕೆ ಫೀಸು ಕೊಡುವ ನಾವು ಮೆಕ್ಯಾನಿಕ್‌ಗೆ ಏಕೆ ಕೊಡಬಾರದು?

ಎರಡನೇ ತಪ್ಪು ಅವಸರ. "ಬೆಳಿಗ್ಗೆ ಬಾಡಿಗೆ ಇದೆ, ಇವತ್ತೇ ಆಗಬೇಕು" ಎಂದು ಕುತ್ತಿಗೆ ಮೇಲೆ ಕುಳಿತರೆ ಆತ ಕೋಡ್ ಅಳಿಸಿ ಕಳಿಸುತ್ತಾನೆ. ಲೈಟ್ ಹೋಯಿತು, ನಮಗೆ ಸಮಾಧಾನ. ಆದರೆ ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನಿನ ವೇಗ ಎಷ್ಟಿತ್ತು, ಬಿಸಿ ಎಷ್ಟಿತ್ತು, ಲೋಡ್ ಎಷ್ಟಿತ್ತು ಎಂದು ಕಂಪ್ಯೂಟರ್ ಹಿಡಿದಿಟ್ಟ ಚಿತ್ರವೊಂದಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಅಳಿಸಿದಾಗ ಅದೂ ಅಳಿಸಿಹೋಗುತ್ತದೆ. ಕಳ್ಳತನ ನಡೆದ ಮನೆಯ ನೆಲವನ್ನು ಪೊಲೀಸರು ಬರುವ ಮುಂಚೆಯೇ ಒರೆಸಿದಂತೆ.

ಕೆಲವರು ಹೇಳುವ ವಾದವೂ ನನಗೆ ಗೊತ್ತಿದೆ. "ಹಳೆಯ ಗಾಡಿಯೇ ಒಳ್ಳೆಯದಿತ್ತು, ಈ ಕಂಪ್ಯೂಟರ್ ಎಲ್ಲ ಮೋಸ" ಎನ್ನುವ ಕಾಕಂದಿರಿಗೆ ನಾನು ಪೂರ್ತಿ ಎದುರಾಡುವುದಿಲ್ಲ, ಹಳೆಯದು ಬಡವನ ಕೈಗೆ ಎಟಕುತ್ತಿತ್ತು. ಆದರೆ ಅದು ವಾಪಸ್ ಬರುವುದಿಲ್ಲ. ಹೊಸ ಎಂಜಿನ್ ಕಡಿಮೆ ಡೀಸೆಲ್ ಕುಡಿಯುತ್ತದೆ, ಕಡಿಮೆ ಹೊಗೆ ಬಿಡುತ್ತದೆ, ಮತ್ತು ನಿಜ ಹೇಳಬೇಕೆಂದರೆ ತನ್ನ ನೋವನ್ನು ಹಳೆಯದಕ್ಕಿಂತ ಬೇಗ ಹೇಳಿಕೊಳ್ಳುತ್ತದೆ. ಅದರ ಭಾಷೆ ನಾವು ಕಲಿತಿಲ್ಲ, ಅಷ್ಟೇ. ಇನ್ನು ಕೆಲವರು "ಕೋಡ್ ತೋರಿಸಿದ ಪಾರ್ಟೇ ಹೋಗಿರುವುದೂ ಉಂಟಲ್ಲ?" ಎಂದು ಕೇಳುತ್ತಾರೆ. ಉಂಟು, ಖಂಡಿತ ಉಂಟು. ಟರ್ಬೊ ಸಾಯುತ್ತದೆ, ಪಂಪು ಸಾಯುತ್ತದೆ. ಹಾಗಿದ್ದರೆ ಪರೀಕ್ಷೆ ಅದನ್ನೇ ಹೇಳುತ್ತದೆ, ನಮ್ಮ ಅರ್ಧ ದಿನ ಹೋಗಬಹುದು. ಪರೀಕ್ಷೆ ಇಲ್ಲದೆ ಹಾಕಿದ ಪಾರ್ಟು ಸರಿಹೋದರೆ ಅದು ಅದೃಷ್ಟ. ಬಳೆ ಅಡವಿಟ್ಟು ಅದೃಷ್ಟ ನೋಡುವ ಸ್ಥಿತಿ ನಮ್ಮದಲ್ಲ. ಮೆಕ್ಯಾನಿಕ್‌ಗಳು ಹೇಳುವ "ಟೈಮ್ ಇಲ್ಲ" ಎಂಬ ಮಾತು ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರ ಪರೀಕ್ಷೆಯ ಕೂಲಿ.

ಏನು ಮಾಡಬಹುದು?

ಚಾಲಕರು ಮಾಡಬಹುದಾದದ್ದು ಇದೆ. ಲೈಟ್ ಬಂದಾಗ ಗಾಡಿ ಏರು ಹತ್ತುತ್ತಿತ್ತೋ, ತಣ್ಣಗಿತ್ತೋ, ಮಳೆ ಬರುತ್ತಿತ್ತೋ, ಹಿಂದಿನ ದಿನ ಎಲ್ಲಿ ಡೀಸೆಲ್ ಹಾಕಿಸಿದ್ದೋ, ಮೊಬೈಲಿನಲ್ಲಿ ಎರಡು ಸಾಲು ಬರೆದಿಡಿ. "ಗಾಡಿ ಸರಿ ಇಲ್ಲ" ಎಂಬ ಮಾತಿನಿಂದ ಮೆಕ್ಯಾನಿಕ್‌ಗೆ ಏನೂ ಸಿಗುವುದಿಲ್ಲ. "ಬೆಳಿಗ್ಗೆ ತಣ್ಣಗಿರುವಾಗ ಮಾತ್ರ, ಅದೂ ಮಳೆ ಬಂದ ದಿನ" ಎಂಬ ಮಾತಿನಿಂದ ಬಹಳ ಸಿಗುತ್ತದೆ. ವಾರಕ್ಕೊಮ್ಮೆಯಾದರೂ ಡೀಸೆಲ್ ವ್ಯಾನನ್ನು ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. ಹಳದಿ ಲೈಟ್ ಬಂದರೆ ಗಾಬರಿಯಾಗದೆ ಬೇಗ ತೋರಿಸಿ. ಆಯಿಲಿನ ಕೆಂಪು ಲೈಟ್ ಬಂದರೆ ಅಥವಾ ಬಿಸಿ ಅತಿಯಾದರೆ ಮಾತ್ರ ಅಲ್ಲಿಯೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ, "ಮನೆಯವರೆಗೆ ಹೋಗುವಾ" ಎನ್ನಬೇಡಿ.

ಮಾಲಕರು ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಲಿ. ಕೋಡ್ ಯಾವುದು, ಬರೆದುಕೊಡುತ್ತೀರಾ? ಆ ಪಾರ್ಟೇ ಹೋಗಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು? ಅದು ಹಾಳಾಗಲು ಕಾರಣ ಏನು? ಇದನ್ನು ಸಂಶಯದ ದನಿಯಲ್ಲಿ ಕೇಳಬೇಕಿಲ್ಲ, ಮರ್ಯಾದೆಯಿಂದಲೇ ಕೇಳಬಹುದು. ಕೆಲಸ ಗೊತ್ತಿರುವವನು ಸಂತೋಷದಿಂದ ತೋರಿಸುತ್ತಾನೆ. ಮೊದಲೇ ಹೇಳಿಬಿಡಿ: "ಹುಡುಕಿದ್ದಕ್ಕೆ ಕೂಲಿ ಬೇರೆ ಕೊಡುತ್ತೇನೆ, ಪಾರ್ಟ್ ಹಾಕುವ ಮೊದಲು ನನಗೆ ಹೇಳಿ." ಈ ಒಂದು ಮಾತಿನಿಂದ ಗ್ಯಾರೇಜಿನ ಲೆಕ್ಕಾಚಾರವೇ ಬದಲಾಗುತ್ತದೆ. ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಅಚ್ಚಾದ ಕಾಗದ ಕೊಟ್ಟರೂ ಇದೇ ಪ್ರಶ್ನೆ ಕೇಳಿ. ಅಚ್ಚಾದ ಮಾತ್ರಕ್ಕೆ ಅನುಮಾನ ಸತ್ಯವಾಗುವುದಿಲ್ಲ. ವಾರಂಟಿ ಇರುವ ಗಾಡಿಯಾದರೆ ಹೊರಗೆ ಬಿಚ್ಚಿಸುವ ಮೊದಲು ಅಲ್ಲಿ ಲಿಖಿತವಾಗಿ ದೂರು ಕೊಡಿ.

ಮನೆಯ ಹೆಂಗಸರಿಗೂ ಒಂದು ಮಾತು. ಚಿನ್ನ ನಿಮ್ಮದು. ಅದು ಬ್ಯಾಂಕಿಗೆ ಹೋಗುವ ಮೊದಲು ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಎಂಜಿನ್ ಗೊತ್ತಿರಬೇಕೆಂದೇನಿಲ್ಲ. "ಪರೀಕ್ಷೆ ಮಾಡಿದ್ದಾರಾ?" ಎಂದು ಕೇಳಲು ಸ್ಪ್ಯಾನರ್ ಹಿಡಿಯಬೇಕಾಗಿಲ್ಲ.

ಕೊನೆಯದಾಗಿ ಕೆಲಸ ಕಲಿಯುತ್ತಿರುವ ನಮ್ಮ ಹುಡುಗರಿಗೆ. ದುಬಾರಿ ಸ್ಕ್ಯಾನರ್ ಕೊಳ್ಳಲು ಸಾಲ ಮಾಡುವ ಮೊದಲು ಒಂದು ಒಳ್ಳೆಯ ಮಲ್ಟಿಮೀಟರ್ ಕೊಂಡು ಅದನ್ನು ಸರಿಯಾಗಿ ಬಳಸಲು ಕಲಿಯಿರಿ. ಓಮ್ ನಿಯಮ, ವೋಲ್ಟೇಜ್ ಡ್ರಾಪ್, ವಯರಿಂಗ್ ಡಯಾಗ್ರಾಂ ಓದುವುದು, ಇಷ್ಟು ಗೊತ್ತಿದ್ದರೆ ಯಾವ ಕಂಪೆನಿಯ ಗಾಡಿ ಬಂದರೂ ಹೆದರಬೇಕಿಲ್ಲ, ಇಲ್ಲಿಯೂ ಸರಿ, ಗಲ್ಫಿನ ಗ್ಯಾರೇಜಿನಲ್ಲಿಯೂ ಸರಿ. ಸರ್ಕ್ಯೂಟಿನ ಕೋಡ್ ಯಾವುದು, ಕೆಲಸದ ಫಲಿತಾಂಶದ ಕೋಡ್ ಯಾವುದು ಎಂದು ಬೇರ್ಪಡಿಸಲು ಕಲಿಯಿರಿ. ಪಿ0403 ಇಜಿಆರ್‌ನ ವಿದ್ಯುತ್ ದಾರಿಯ ಬಗ್ಗೆ ಮಾತಾಡುತ್ತದೆ, ಪಿ0401 ಅದರಲ್ಲಿ ಹರಿವು ಸಾಲದು ಎನ್ನುತ್ತದೆ. ಮೊದಲನೆಯದಕ್ಕೆ ಮೀಟರ್, ಎರಡನೆಯದಕ್ಕೆ ಮೊದಲು ಮಸಿ ತೆಗೆಯುವ ಬ್ರಶ್.

ನಮ್ಮ ಜಮಾತುಗಳು, ಯುವಕರ ಸಂಘಗಳು ರಕ್ತದಾನ ಶಿಬಿರ ನಡೆಸುತ್ತವೆ, ವಿದ್ಯಾರ್ಥಿಗಳಿಗೆ ಪುಸ್ತಕ ಕೊಡುತ್ತವೆ, ಬಹಳ ಒಳ್ಳೆಯದು. ವರ್ಷಕ್ಕೆ ಎರಡು ರವಿವಾರ ಊರಿನ ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರನ್ನು ಕೂರಿಸಿ ವ್ಯಾನಿನ ಚಾಲಕರಿಗೂ ಹೊಸ ಮೆಕ್ಯಾನಿಕ್‌ಗಳಿಗೂ ಮೀಟರ್ ಹಿಡಿಯುವುದನ್ನು ಕಲಿಸಿದರೆ ಏನು ಖರ್ಚು? ಒಂದು ಹಾಲು, ನಾಲ್ಕು ಮೀಟರ್, ಒಂದು ಹಳೆಯ ಎಂಜಿನ್, ಎಲ್ಲರಿಗೂ ಚಹಾ. ಉಪ್ಪಳದಲ್ಲೋ ಕುಂಬಳೆಯಲ್ಲೋ ಯಾರಾದರೂ ಒಬ್ಬರು ಇದನ್ನು ಶುರುಮಾಡಲಿ.